ಪ್ರತಿಕ್ರಿಯೆ: ಎಲ್‌ಎಸ್‌ಡಿ ಮತ್ತು ವರ್ಣತಂತುಗಳ ಭಯ

ನಾಲ್ಕು ವರ್ಷಗಳ ಹಿಂದೆ ಧಾರವಾಡದಲ್ಲಿ ಓದುವಾಗ ಎರಡು ಸಲ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮಾದಕ ದ್ರವ್ಯ ಸೇವಿಸಿದ್ದರಿಂದ ನಿಮ್ಮ ವರ್ಣತಂತುಗಳು (ಜೀವಕೋಶಗಳಲ್ಲಿ ವಂಶಗುಣಗಳನ್ನು ಹೊರುವ ಎಳೆಗಳು, ಕ್ರೋಮೊಸೋಮ್) ಮುರಿದು, ಎರಡು ತಿಂಗಳ ಗರ್ಭಿಣಿಯಾದ ಪತ್ನಿಯ ಮಗುವಿಗೆ ತೊಂದರೆಯಾದೀತೇ ಎಂಬ ನಿಮ್ಮ ಭಯದ ಮೂಲ ಬಹುಶಃ 1967ರ ಒಂದು ವರದಿ. ಆಗ ಅಮೆರಿಕದಲ್ಲಿ ಮೈಮನ್ ಕೋಹೆನ್ ಮತ್ತು ಸಂಗಡಿಗರು, ದೇಹದ ಹೊರಗೆ ಬೆಳೆಸಿದ ಬಿಳಿ ರಕ್ತಕಣಗಳಿಗೆ ಈ ದ್ರವ್ಯ ಬೆರೆಸಿ, ವರ್ಣತಂತುಗಳಲ್ಲಿ ಹೆಚ್ಚಿನ ಬಿರುಕುಗಳನ್ನು ಕಂಡರು. ಆದರೆ 68 ಅಧ್ಯಯನಗಳನ್ನು ಪರಿಶೀಲಿಸಿದ 1971ರ ವಿಮರ್ಶೆಯು, ಶುದ್ಧ ಎಲ್‌ಎಸ್‌ಡಿ ಸಾಧಾರಣ ಪ್ರಮಾಣದಲ್ಲಿ ಮನುಷ್ಯದೇಹದೊಳಗೆ ಅಂಥ ಹಾನಿ ಮಾಡುವುದಿಲ್ಲವೆಂದು ತೀರ್ಮಾನಿಸಿತು. ವೈರಾಣು ಜ್ವರದಿಂದಲೂ ಅಂಥ ಬಿರುಕು ಮೂಡಬಹುದು; ಹುಬ್ಬಳ್ಳಿಯ ಪ್ರಯೋಗಾಲಯದಲ್ಲಿ, 46 ವರ್ಣತಂತುಗಳ ನಡುವೆ ಕೂದಲೆಳೆಯಷ್ಟು ಸೀಳನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಅಲ್ಲದೆ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಸಾಕು. ಅಂದಿನ ವೀರ್ಯಾಣುಗಳು ಇಂದು ಉಳಿದಿಲ್ಲ.

ಮೊದಲು ಪ್ರಸೂತಿ ತಜ್ಞರಿಗೆ ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿರಿ. ಎಲ್‌ಎಸ್‌ಡಿ ಎಂದು ಬೀದಿಯಲ್ಲಿ ಕೊಂಡ ಕಾಗದದ ಚೂರಿನಲ್ಲಿ ನಿಜಕ್ಕೂ ಏನಿತ್ತೆಂದು ಈಗ ಯಾರೂ ಖಚಿತವಾಗಿ ಹೇಳಲಾರರು, ಆದ್ದರಿಂದ ಬೇರೇನಾದರೂ ಸೇವಿಸಿದ್ದರೆ ಅದನ್ನೂ ತಿಳಿಸಿರಿ. ಪತ್ನಿಯ ಫೋಲಿಕ್ ಆಮ್ಲದ ಮಾತ್ರೆ ತಪ್ಪದಿರಲಿ, 11ರಿಂದ 13ನೇ ವಾರದೊಳಗೆ ಸ್ಕ್ಯಾನ್ ಆಗಲಿ. ಪದೇಪದೇ ಗರ್ಭಪಾತವಾಗಿದ್ದರೆ ಅಥವಾ ಕುಟುಂಬದಲ್ಲಿ ವರ್ಣತಂತು ದೋಷವಿದ್ದರೆ ಮಾತ್ರ ನಿಮ್ಮಿಬ್ಬರ ರಕ್ತದ ವರ್ಣತಂತು ಪರೀಕ್ಷೆಯ ಬಗ್ಗೆ ಅವರನ್ನೇ ಕೇಳಿರಿ. ಸೇವನೆಯ ಸೆಳೆತ ಇನ್ನೂ ಇದ್ದರೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಗೆ ಹೋಗಿರಿ.