ಆರು ತಿಂಗಳದ್ದಾ, ಒಂದು ವರ್ಷದ್ದಾ? ಎರಡೂ ಬೇಡ

ಪಿಯುಸಿ ಮುಗಿದಿದೆ, ಶಾಲೆಯಲ್ಲಿ ಸಹಾಯಕ ಟೀಚರ್ ಆಗೋಕೆ ಆರು ತಿಂಗಳ ಕೋರ್ಸ್ ಮಾಡಲಾ, ಒಂದು ವರ್ಷದ್ದು ಮಾಡಲಾ ಅಂತ ಕೇಳಿದ್ದೀರಿ. ಆರು ತಿಂಗಳದ್ದು ನಾನು ಮಾಡಿ ಕೂತಿದ್ದೇನೆ.

ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ಪೇಟೆಯಲ್ಲಿ ಒಂದು ಮೊಬೈಲ್ ಅಂಗಡಿಯ ಮೇಲೆ ಎರಡು ಕೋಣೆಯ ಸಂಸ್ಥೆ ಇತ್ತು. ರವಿಕೆ ಹೊಲಿದು ಕೂಡಿಸಿದ್ದ 18,000 ರೂಪಾಯಿ ಮೂರು ಕಂತಿನಲ್ಲಿ ಕಟ್ಟಿದೆ. ಥರ್ಮಾಕೋಲ್‌ನಲ್ಲಿ ಮಾವು, ಸೇಬು ಕತ್ತರಿಸಿದೆವು. ಚಾರ್ಟ್ ಬರೆದೆವು. ಆರು ತಿಂಗಳಲ್ಲಿ ಒಂದು ಮಗುವಿನ ಮುಖ ತೋರಿಸಲಿಲ್ಲ.

ಸುಮ್ನೆ ಕಣ್ಣುಮುಚ್ಚಿ ದುಡ್ಡು ಕಟ್ಟಿದೆ ಅಂದುಕೊಳ್ಳಬೇಡಿ. ಕೇಳಿಯೇ ಕಟ್ಟಿದ್ದು. 'ಇದು ಸರ್ಕಾರದಲ್ಲಿ ನೋಂದಣಿ ಆಗಿದೆಯಾ?' ಅಂದೆ. ಸೀಲು ಇದ್ದ ಕಾಗದ ತೋರಿಸಿದರು. ಕಾಗದ ಅಸಲಿಯೇ! ಆದರೆ ಅದು 1960ರ ಸಂಘಗಳ ನೋಂದಣಿ ಕಾಯ್ದೆಯದು. ಏಳು ಜನ ಸೇರಿ ಭಜನಾ ಮಂಡಳಿ ಮಾಡಿದರೂ ಅಂಥ ಕಾಗದ ಸಿಗುತ್ತದೆ. ಸಂಘ ನೋಂದಣಿ ಆಗಿದೆ ಅಂದರೆ ಅದು ನಡೆಸೋ ಕೋರ್ಸಿಗೆ ಮಾನ್ಯತೆ ಇದೆ ಅಂತ ಅಲ್ಲ. ಗೋಡೆ ಮೇಲೆ ಫ್ರೇಮ್ ಹಾಕಿದ್ದ ಐಎಸ್ಒ ಗುಣಮಟ್ಟದ ಸರ್ಟಿಫಿಕೇಟಿನ ಕಥೆಯೂ ಅಷ್ಟೇ. ಶಿಕ್ಷಕರ ತರಬೇತಿಗೆ ಮಾನ್ಯತೆ ಕೊಡೋದು ಕೇಂದ್ರ ಸರ್ಕಾರದ ಸಂಸ್ಥೆ ಎನ್‌ಸಿಟಿಇ, ವಿಶೇಷ ಮಕ್ಕಳ ಶಿಕ್ಷಣದ ಕೋರ್ಸಿಗೆ ಅಂಥದ್ದೇ ಇನ್ನೊಂದು ಸಂಸ್ಥೆ ಆರ್‌ಸಿಐ. 'ಈ ಕೋರ್ಸಿಗೆ ಮಾನ್ಯತೆ ಕೊಟ್ಟವರು ಯಾರು?' ಅಂತ ಕೇಳಬೇಕಿತ್ತು. ನಾನು ಸಂಸ್ಥೆಯ ಬಗ್ಗೆ ಕೇಳಿದೆ, ಕೋರ್ಸಿನ ಬಗ್ಗೆ ಕೇಳಲಿಲ್ಲ. ಮುಂದೆ ಶಿಕ್ಷಕರ ನೇಮಕಾತಿ ಅರ್ಜಿ ತೆರೆದು ನೋಡಿದರೆ ನನ್ನ ಸರ್ಟಿಫಿಕೇಟ್ ಬರೆಯೋಕೆ ಜಾಗವೇ ಇರಲಿಲ್ಲ.

ಕೆಲಸ ಸಿಕ್ಕಿತು, ಆದರೆ ಸರ್ಟಿಫಿಕೇಟ್‌ನಿಂದ ಅಲ್ಲ. ಒಂದು ಖಾಸಗಿ ಶಾಲೆಯ ಹೆಡ್ ಮೇಡಂ ಅದನ್ನು ಬಿಡಿಸಿಯೂ ನೋಡದೆ 'ಒಂದು ವಾರ ಯುಕೆಜಿಯಲ್ಲಿ ಕೂರಮ್ಮ' ಅಂದರು. ಅಲ್ಲಿ ಒಬ್ಬ ಹುಡುಗ ಬ್ಯಾಗನ್ನು ಎದೆಗೆ ಅಪ್ಪಿಕೊಂಡೇ ಕೂರುತ್ತಿದ್ದ, ಕಿತ್ತುಕೊಂಡರೆ ಕಿರುಚುತ್ತಿದ್ದ. ನಾನು ಪಕ್ಕದಲ್ಲಿ ಕೂತು ದಿನಕ್ಕೆ ಎರಡು ಬೆರಳಷ್ಟು ಜಿಪ್ ಎಳೆದೆ. ನಾಲ್ಕನೇ ದಿನ ಅವನೇ ಸ್ಲೇಟು ತೆಗೆದ. ಮೇಡಂ ಬಾಗಿಲಲ್ಲಿ ನಿಂತಿದ್ದರು. ಸಂಬಳ ಮಾತ್ರ ಹೊಲಿಗೆಗಿಂತ ಕಡಿಮೆ, ಅದನ್ನೂ ಹೇಳಬೇಕಲ್ವಾ.

ಇನ್ನೊಂದು ಮಾತು. ಸಹಾಯಕಿ ಅಂತ ಇಟ್ಟುಕೊಳ್ಳೋದು ಜಾಸ್ತಿ ಖಾಸಗಿ ನರ್ಸರಿಗಳೇ. ಅದಕ್ಕಾಗಿಯೇ ಓದಬೇಕು ಅನ್ನೋ ಯೋಚನೆಯೇ ನನಗೆ ಸರಿ ಕಾಣಲ್ಲ. ಮೊದಲು ಒಂದು ಶಾಲೆಗೆ ಹೋಗಿ ತಿಂಗಳು ಕೆಲಸ ಮಾಡಿ ನೋಡಿ. ಮೂಗು ಒರೆಸೋದು, ಚಡ್ಡಿ ಬದಲಿಸೋದು ಬೇಸರ ಬರಲಿಲ್ಲ ಅಂದರೆ ಡಿ.ಎಲ್.ಇಡಿ, ಅಂದರೆ ಪ್ರಾಥಮಿಕ ಶಾಲೆ ಟೀಚರ್ ಆಗೋ ಡಿಪ್ಲೊಮಾ ಮಾಡಿ. ಎರಡು ವರ್ಷ ಆಗುತ್ತದೆ, ಪಿಯುಸಿಯಲ್ಲಿ ಶೇ. 50 ಇರಬೇಕು, ಮೀಸಲಾತಿ ಇದ್ದರೆ ಸ್ವಲ್ಪ ಸಡಿಲ. ನಮ್ಮ ಕೊಪ್ಪಳ ಜಿಲ್ಲೆಯವರಾದರೆ ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆಯಾದ ಮುನಿರಾಬಾದ್‌ನ ಡಯಟ್‌ನಲ್ಲಿ ವಿಚಾರಿಸಿ. ಆಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯ ಮೊದಲ ಪತ್ರಿಕೆ, 1ರಿಂದ 5ನೇ ತರಗತಿಗೆ. 150 ಅಂಕಕ್ಕೆ ಸಾಮಾನ್ಯ ವರ್ಗದವರಿಗೆ 90 ಬೇಕು. ಕಲ್ಯಾಣ ಕರ್ನಾಟಕದವರಾದರೆ ಸ್ಥಳೀಯರ ಮೀಸಲಾತಿಗೆ ಬೇಕಾಗೋ 371ಜೆ ಪ್ರಮಾಣಪತ್ರಕ್ಕೆ ಈಗಲೇ ಅರ್ಜಿ ಹಾಕಿ, ನೇಮಕಾತಿ ಕರೆದ ಮೇಲೆ ಓಡಾಡಬೇಡಿ.

ನಾನು ಡಿ.ಎಲ್.ಇಡಿ ಸೇರಿದಾಗ 27 ವರ್ಷ. ಮೊದಲ ದಿನ ಕ್ಲಾಸಿಗೆ ಕಾಲಿಟ್ಟರೆ, ಹೊಸ ಮೇಡಂ ಬಂದರು ಅಂತ ಎಲ್ಲರೂ ಎದ್ದು ನಿಂತುಬಿಟ್ಟರು.