ಹಳೆ ಕಾರು ದಾನ ಕೊಟ್ಟರೆ ತೆರಿಗೆ ಎಷ್ಟು ಉಳಿಯುತ್ತದೆ?

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಗಂಡ ಹೆಂಡತಿ ಇಬ್ಬರೂ ಎಚ್‌-1ಬಿ ವೀಸಾದಲ್ಲಿ ದುಡಿಯುತ್ತೇವೆ, ಒಟ್ಟು ಆದಾಯ ಸುಮಾರು 2.20 ಲಕ್ಷ ಡಾಲರ್. ನಮ್ಮ 2009ರ ಹೋಂಡಾ ಅಕಾರ್ಡ್‌ಗೆ ಹಳೆ ಕಾರುಗಳ ಬೆಲೆ ಅಂದಾಜಿಸುವ ಕೆಲ್ಲಿ ಬ್ಲೂ ಬುಕ್ ಸುಮಾರು 4,000 ಡಾಲರ್ ತೋರಿಸುತ್ತದೆ. 2026ರ ಡಿಸೆಂಬರ್ 31ರೊಳಗೆ ಅದನ್ನು ದಾನ ಕೊಟ್ಟರೆ ಅಷ್ಟೂ ಹಣ ತೆರಿಗೆಯಲ್ಲಿ ಉಳಿಯುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಹೌದೇ?

ಉತ್ತರ: ಇಲ್ಲ. ನೀವು ಹೇಳಿದ ಪರಿಸ್ಥಿತಿಯಲ್ಲಿ ಬಹುಶಃ ಒಂದು ಡಾಲರ್ ಕೂಡ ಉಳಿಯುವುದಿಲ್ಲ.

ಕಾರಿನ ದಾನದಿಂದ ತೆರಿಗೆ ಇಳಿಯಬೇಕಾದರೆ ನೀವು ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚಿನ ಲೆಕ್ಕ ಕೊಡದೆಯೇ ಆದಾಯದಿಂದ ಕಳೆಯಬಹುದಾದ ನಿಗದಿತ ಮೊತ್ತ) ಬಿಟ್ಟು, ರಿಟರ್ನ್‌ನ ಶೆಡ್ಯೂಲ್ ಎ ಎಂಬ ಪಟ್ಟಿಯಲ್ಲಿ ಕಡಿತಕ್ಕೆ ಅರ್ಹವಾದ ಒಂದೊಂದೇ ಖರ್ಚನ್ನು ಬರೆದು ತೋರಿಸಬೇಕು. ಜಂಟಿ ರಿಟರ್ನ್‌ಗೆ 2026ರ ಸ್ಟ್ಯಾಂಡರ್ಡ್ ಡಿಡಕ್ಷನ್ 32,200 ಡಾಲರ್. ಬಾಡಿಗೆ ಮನೆಯಾದ್ದರಿಂದ ನಿಮಗೆ ಗೃಹಸಾಲದ ಬಡ್ಡಿಯೂ ಇಲ್ಲ, ಆಸ್ತಿ ತೆರಿಗೆಯೂ ಇಲ್ಲ. ರಾಜ್ಯದ ಆದಾಯ ತೆರಿಗೆ ಮತ್ತು ಕಾರಿನ ದಾನ ಇವೆರಡನ್ನೇ ಕೂಡಿಸಿ ಆ ಮೊತ್ತವನ್ನು ದಾಟುವುದು ನಿಮ್ಮ ಆದಾಯಕ್ಕೆ ಆಗದ ಮಾತು. ದಾಟದಿದ್ದರೆ ಕಾರು ಕೊಟ್ಟರೂ ಕೊಡದಿದ್ದರೂ ತೆರಿಗೆ ಅಷ್ಟೇ. ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯುವವರಿಗೂ 2026ರಿಂದ ದಾನಕ್ಕೆ ಜಂಟಿಯಾಗಿ 2,000 ಡಾಲರ್‌ವರೆಗೆ ವಿನಾಯಿತಿ ಬಂದಿದೆ, ನಿಜ. ಆದರೆ ಅದು ನಗದು ದಾನಕ್ಕೆ ಮಾತ್ರ, ಕಾರಿಗೆ ಅನ್ವಯಿಸುವುದಿಲ್ಲ.

ಸ್ವಂತ ಮನೆಯಿದ್ದು ಶೆಡ್ಯೂಲ್ ಎ ತುಂಬುವವರ ಲೆಕ್ಕ ಬೇರೆ. ಅವರಿಗೂ 4,000 ಡಾಲರ್ ಸಿಗುವುದಿಲ್ಲ ಎನ್ನುವುದನ್ನು ನಿಮ್ಮ ಸ್ನೇಹಿತರಿಗೆ ತಿಳಿಸಿ. 2004ರವರೆಗೆ ದಾನಿಯೇ ಮಾರುಕಟ್ಟೆ ಬೆಲೆ ಅಂದಾಜು ಮಾಡಿ ಬರೆದುಕೊಳ್ಳುತ್ತಿದ್ದ. ಗುಜರಿಗೆ ಹೋಗುವ ಕಾರಿಗೂ ಪುಸ್ತಕದ ಬೆಲೆ ಬೀಳುತ್ತಿತ್ತು. ಆ ವರ್ಷ ಅಮೆರಿಕದ ಸಂಸತ್ತು ಕಾನೂನು ಬದಲಿಸಿತು. 2005ರಿಂದ, 500 ಡಾಲರಿಗಿಂತ ಹೆಚ್ಚು ಕಡಿತ ಕೇಳುವವರಿಗೆ, ದಾನ ಪಡೆದ ಸಂಸ್ಥೆ ಆ ಕಾರನ್ನು ಎಷ್ಟಕ್ಕೆ ಮಾರಿತೋ ಅಷ್ಟೇ ಲೆಕ್ಕ. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎಂಬ ಗಾದೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನವರಿಗೆ ಗೊತ್ತಿಲ್ಲ!

ಈಗ ನಿಮ್ಮ ಅಕಾರ್ಡ್ ಹರಾಜಿನಲ್ಲಿ 1,500 ಡಾಲರಿಗೆ ಹೋಯಿತು ಎಂದುಕೊಳ್ಳಿ. 2026ರಿಂದ ಇನ್ನೊಂದು ಕತ್ತರಿಯೂ ಇದೆ: ಶೆಡ್ಯೂಲ್ ಎ ತುಂಬುವವರ ಒಟ್ಟು ದಾನದಲ್ಲಿ ಆದಾಯದ ಶೇ 0.5ರಷ್ಟು ಮೊದಲ ಭಾಗ ಲೆಕ್ಕಕ್ಕೆ ಬರುವುದಿಲ್ಲ. 2.20 ಲಕ್ಷಕ್ಕೆ ಅದು 1,100 ಡಾಲರ್. ಬೇರೆ ದಾನವೇನೂ ಇಲ್ಲದಿದ್ದರೆ ಉಳಿಯುವುದು 400. ಶೇ 22ರ ದರದಲ್ಲಿ ತೆರಿಗೆ ಇಳಿಯುವುದು 88 ಡಾಲರ್. ಬೇರೆ ದಾನಗಳೇ 1,100 ದಾಟಿದ್ದರೆ ಕಾರಿನ ಪೂರ್ತಿ 1,500 ಲೆಕ್ಕಕ್ಕೆ ಬಂದು 330 ಡಾಲರ್ ಉಳಿಯುತ್ತದೆ. ಅದೇ ಕಾರನ್ನು ನೀವೇ ಮಾರಿದರೆ ಕೈಗೆ ಬರುವ ಹಣದ ಮುಂದೆ ಇದು ಚಿಲ್ಲರೆ.

ಮಾರುಕಟ್ಟೆ ಬೆಲೆಯನ್ನೇ ಕೇಳಬಹುದಾದ ಸಂದರ್ಭಗಳೂ ಇವೆ. ಸಂಸ್ಥೆ ಕಾರನ್ನು ಮಾರದೆ ತನ್ನ ಸೇವಾಕಾರ್ಯಕ್ಕೆ ಗಣನೀಯವಾಗಿ ಬಳಸಿದರೆ (ಉದಾಹರಣೆಗೆ ಬಡವರ ಮನೆಗಳಿಗೆ ವರ್ಷವಿಡೀ ಪ್ರತಿದಿನ ಊಟ ತಲುಪಿಸಲು), ದೊಡ್ಡ ರಿಪೇರಿ ಮಾಡಿಸಿ ಅದರ ಬೆಲೆ ಏರಿಸಿದರೆ, ಅಥವಾ ಬಡ ಕುಟುಂಬಕ್ಕೆ ಉಚಿತವಾಗಿಯೋ ತೀರಾ ಕಡಿಮೆ ಬೆಲೆಗೋ ಕೊಟ್ಟರೆ. ಬಣ್ಣ ಬಳಿದು, ತಗ್ಗು ತೆಗೆಸಿದ್ದು ದೊಡ್ಡ ರಿಪೇರಿ ಎನಿಸುವುದಿಲ್ಲ. ಇನ್ನು ಹರಾಜಿನಲ್ಲಿ 500 ಡಾಲರ್ ಅಥವಾ ಅದಕ್ಕಿಂತ ಕಡಿಮೆ ಬಂದರೆ, 500 ಮತ್ತು ಮಾರುಕಟ್ಟೆ ಬೆಲೆ ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕೇಳಬಹುದು.

ಕಾಗದಪತ್ರಗಳ ವಿಷಯಕ್ಕೆ ಬರೋಣ. ಜನ ಎಡವುವುದು ಇಲ್ಲೇ. ಟೋ ಟ್ರಕ್‌ನವನು ಕಾರು ಎಳೆದೊಯ್ಯುವಾಗ ಕೊಡುವ ಚೀಟಿ ಸಾಲದು. ಮಾರಾಟವಾದ 30 ದಿನಗಳೊಳಗೆ ಸಂಸ್ಥೆ ಮಾರಾಟದ ಮೊತ್ತ ತೋರಿಸುವ ಫಾರ್ಮ್ 1098-ಸಿ ಕಳುಹಿಸಬೇಕು. ಅದರ 4ಸಿ ಅಂಕಣದಲ್ಲಿರುವ ಮೊತ್ತವೇ ನಿಮ್ಮ ಮಿತಿ. ಟೋ ಖರ್ಚು, ಹರಾಜಿನವರ ಕಮಿಷನ್ ಕಳೆಯುವ ಮುಂಚಿನ ಮೊತ್ತ ಅದು, ಇಷ್ಟಾದರೂ ದಾನಿಗೆ ಅನುಕೂಲ. 500 ಡಾಲರ್ ಮೀರಿದರೆ ಅದರ ಪ್ರತಿಯನ್ನೂ, ನಗದಲ್ಲದ ದಾನದ ವಿವರ ಕೊಡುವ ಫಾರ್ಮ್ 8283 ಅನ್ನೂ ರಿಟರ್ನ್ ಜೊತೆ ಲಗತ್ತಿಸಬೇಕು. 1098-ಸಿ ಫಾರ್ಮಿಗಾಗಿ ಸಂಸ್ಥೆ ನಿಮ್ಮ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಕೇಳುತ್ತದೆ. ಕೊಡುವ ಮುನ್ನ ಐಆರ್‌ಎಸ್ ಜಾಲತಾಣದ ಹುಡುಕಾಟದಲ್ಲಿ ಆ ಸಂಸ್ಥೆಯ ಹೆಸರು ಇದೆಯೇ ಎಂದು ನೋಡಿಕೊಳ್ಳಿ.

ಕಾರು ಮತ್ತು ಟೈಟಲ್ (ಮಾಲೀಕತ್ವದ ಪತ್ರ) ಎರಡೂ ಡಿಸೆಂಬರ್ 31ರೊಳಗೆ ಕೈ ಬದಲಾಗಿರಲಿ. ಹರಾಜು ಫೆಬ್ರುವರಿಯಲ್ಲಿ ನಡೆದರೂ ದಾನ ಹಳೆಯ ವರ್ಷದ್ದೇ. ಏಪ್ರಿಲ್ ಗಡುವಿನ ಹೊತ್ತಿಗೂ 1098-ಸಿ ಬರದಿದ್ದರೆ ರಿಟರ್ನ್‌ಗೆ ಸಮಯ ವಿಸ್ತರಣೆ ಕೇಳಿ, ಇಲ್ಲವೇ ದಾನ ತೋರಿಸದೆ ಸಲ್ಲಿಸಿ ಆಮೇಲೆ ತಿದ್ದುಪಡಿ ರಿಟರ್ನ್ ಹಾಕಿ.

ನ್ಯೂಜೆರ್ಸಿಯಲ್ಲಿ ನಂಬರ್ ಪ್ಲೇಟ್ ಬಿಚ್ಚಿ ಮೋಟಾರ್ ವೆಹಿಕಲ್ ಕಮಿಷನ್‌ಗೆ ಒಪ್ಪಿಸಬೇಕು. ಆ ರಸೀದಿ ಕೈಗೆ ಬಂದ ಮೇಲೆಯೇ ವಿಮೆ ರದ್ದು ಮಾಡಿಸಿ. ಗಾಜಿಗೆ ಅಂಟಿಸಿದ, ಟೋಲ್ ಕಟ್ಟುವ ಈಜೀ-ಪಾಸ್ ತೆಗೆಯಲು ಮರೆತರೆ ಹೊಸ ಮಾಲೀಕನ ಟೋಲ್ ನಿಮ್ಮ ಖಾತೆಗೆ ಬೀಳುತ್ತದೆ.

ನನ್ನನ್ನು ಕೇಳಿದರೆ, ಕಾರು ಓಡುವ ಸ್ಥಿತಿಯಲ್ಲಿದ್ದರೆ ಮಾರಿ, ಬಂದ ಹಣದಲ್ಲಿ ಮನಸ್ಸಿಗೆ ಬಂದಷ್ಟನ್ನು ನಗದಾಗಿ ಕೊಡಿ. ನಿಮಗೆ ಮೇಲಿನ 2,000ದ ವಿನಾಯಿತಿಯೂ ಸಿಗುತ್ತದೆ. ಕಾರು ಕೆಟ್ಟು ನಿಂತಿದ್ದು, ಕೊಳ್ಳುವವರೊಡನೆ ಚೌಕಾಸಿ ಮಾಡುವ ತಾಳ್ಮೆ ಇಲ್ಲದಿದ್ದರೆ ದಾನವೇ ಸುಲಭ. ತೆರಿಗೆಯ ಆಸೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಡಲ್ಲಾಸ್‌ನಲ್ಲಿ ಎಫ್‌-1 ವೀಸಾದಲ್ಲಿ ಎಂಎಸ್ ಮುಗಿಸುತ್ತಿದ್ದೇನೆ, ಅಮೆರಿಕಕ್ಕೆ ಬಂದು ಎರಡು ವರ್ಷ. ಊರಿಗೆ ಮರಳುವ ಮುನ್ನ ಕಾರು ದಾನ ಕೊಟ್ಟರೆ ಲಾಭವಿದೆಯೇ?

ಉತ್ತರ: ತೆರಿಗೆಯಲ್ಲಿ ಇಲ್ಲವೆನ್ನಬಹುದು. ನೀವು 1040-ಎನ್‌ಆರ್ (ತೆರಿಗೆಯ ಲೆಕ್ಕದಲ್ಲಿ ಅನಿವಾಸಿಗಳಾದವರ ರಿಟರ್ನ್) ಸಲ್ಲಿಸುವವರು. ಬೇರೆ ಬಹುತೇಕ ದೇಶಗಳವರಿಗೆ ಆ ಫಾರ್ಮಿನಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ ಭಾರತದ ವಿದ್ಯಾರ್ಥಿಗಳಿಗೆ ಅದು ಸಿಗುತ್ತದೆ. ಅದನ್ನು ಪಡೆದರೆ ದಾನದ ಕಡಿತ ಇಲ್ಲ. ಸಣ್ಣದೊಂದು ಕಾರಿಗಾಗಿ ಅಷ್ಟು ದೊಡ್ಡ ಸೌಲಭ್ಯ ಬಿಡಬೇಡಿ. ಹೊಸದಾಗಿ ಬರುವ ಜೂನಿಯರ್‌ಗಳಿಗೆ ಮಾರಿ. ಪ್ಲೇಟ್ ತೆಗೆದಿಟ್ಟುಕೊಂಡು, 30 ದಿನಗಳೊಳಗೆ ಟೆಕ್ಸಸ್ ಮೋಟಾರು ವಾಹನ ಇಲಾಖೆಗೆ ವಾಹನ ಕೈಬದಲಾದ ಮಾಹಿತಿ ಸಲ್ಲಿಸಿ.

ಪ್ರಶ್ನೆ: ಮೈಸೂರಿನಲ್ಲಿರುವ ನನ್ನ ತಂದೆ ತಮ್ಮ ಮಾರುತಿ ಆಲ್ಟೊವನ್ನು ವೃದ್ಧಾಶ್ರಮದ ಟ್ರಸ್ಟ್ ಒಂದಕ್ಕೆ ಕೊಡಬೇಕೆಂದಿದ್ದಾರೆ. ದಾನಕ್ಕಿರುವ ತೆರಿಗೆ ವಿನಾಯಿತಿ (ಹಳೆಯ ಕಾನೂನಿನ 80ಜಿ) ಸಿಗುತ್ತದೆಯೇ? ಅಮೆರಿಕದಲ್ಲಿರುವ ನಾನು ಕೇಳಬಹುದೇ?

ಉತ್ತರ: ಎರಡಕ್ಕೂ ಇಲ್ಲ. ಭಾರತದಲ್ಲಿ ಈ ವಿನಾಯಿತಿ ಹಣದ ದಾನಕ್ಕೆ ಮಾತ್ರ. ಕಾರು, ಬಟ್ಟೆ, ದವಸಧಾನ್ಯಕ್ಕೆ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಆ ಪ್ರಶ್ನೆಯೇ ಏಳುವುದಿಲ್ಲ. ಇನ್ನು ನಿಮ್ಮ ವಿಷಯ: ಭಾರತದ ಟ್ರಸ್ಟ್‌ಗೆ ನೇರವಾಗಿ ಕೊಟ್ಟದ್ದನ್ನು ಅಮೆರಿಕದ ರಿಟರ್ನ್‌ನಲ್ಲಿ ತೋರಿಸುವಂತಿಲ್ಲ, ಅದೂ ತಂದೆಯವರ ಕಾರು. ಅವರು ಕೊಡುವುದೇ ಆದರೆ ಬಾಯಿಮಾತಿನಲ್ಲಿ ಕೀಲಿಕೈ ಕೊಟ್ಟು ಬರುವುದು ಬೇಡ. ಫಾರ್ಮ್ 29 ಮತ್ತು 30 ಸಲ್ಲಿಸಿ ಆರ್‌ಟಿಒದಲ್ಲಿ ಆರ್‌ಸಿ ಟ್ರಸ್ಟ್ ಹೆಸರಿಗೆ ವರ್ಗವಾಗುವವರೆಗೆ, ಅಪಘಾತವಾದರೆ ನೋಟಿಸ್ ಬರುವುದು ತಂದೆಯವರ ಮನೆಗೇ.