ಮಳೇಲಿ ಮರಸು ಕೂರೋರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಊರು ಹಾಸನ, ಈಗಿರೋದು ಸಿಯಾಟಲ್ ಹತ್ರ. ಆಫೀಸಿನೋರು ನವೆಂಬರಲ್ಲಿ ಬ್ಲ್ಯಾಕ್‌ಟೇಲ್ ಜಿಂಕೆ ಶಿಕಾರಿಗೆ ಕರೀತಿದಾರೆ. ಹಂಟರ್ ಎಜುಕೇಶನ್ ಕೋರ್ಸ್ ಮುಗ್ಸಿದೀನಿ, ಲೈಸೆನ್ಸೂ ಕೈಗೆ ಬಂತು, ಬಟ್ಟೆ ವಿಷಯಕ್ಕೆ ಮಾತ್ರ ತಲೆ ಕೆಟ್ಟೋಗಿದೆ. ಒಂದು ಒಳ್ಳೆ ದಪ್ಪ ರೇನ್ ಜಾಕೆಟ್ ತಗೊಂಡ್ರೆ ಸಾಕಲ್ವಾ?

ಉತ್ತರ: ಸಾಕಾಗಲ್ಲ ಸಾರ್. ನಾನೂ ಹಂಗೇ ಅಂದ್ಕೊಂಡು ಹೋಗಿ ಬುದ್ಧಿ ಕಲಿತೋನು. ಆಗುಂಬೆ ಕಡೆ ಹುಟ್ಟಿ ಬೆಳೆದ ಮೈ ಇದು, ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಕಂಡಿದ್ದು, ನಿಮ್ಮ ಸಿಯಾಟಲ್ ಕಡೆ ಒಲಿಂಪಿಕ್ ಪೆನಿನ್ಸುಲಾದ ‘ಹೋ’ ಅನ್ನೋ ಮಳೆಕಾಡಲ್ಲಿ ಬೀಳೋದೇ ಅದರ ಅರ್ಧ, ಇದೇನು ಮಹಾ ಅಂತ ಜೀನ್ಸು, ಕಾಟನ್ ಟೀಶರ್ಟು, ಮೇಲೊಂದು ಜಾಕೆಟ್ಟು ಏರಿಸ್ಕೊಂಡು ಹೊರಟೆ. ನಮ್ಮೂರಲ್ಲಿ ನೆಂದ್ರೆ ಏನಾಗತ್ತೆ, ಮನೆಗೆ ಬಂದು ಬಚ್ಚಲ ಒಲೆ ಮುಂದೆ ಕೂತ್ರೆ ಮುಗೀತು. ಅಲ್ಲಿ ನವೆಂಬರಲ್ಲಿ ಬೆಳಗ್ಗೆ ಐದಾರು ಡಿಗ್ರಿ ಇರತ್ತೆ, ಮಳೆ ಜೋರೂ ಬರಲ್ಲ ನಿಲ್ಲೋದೂ ಇಲ್ಲ, ಜಿಟಿಜಿಟಿ ಅಂತ ಇಡೀ ದಿನ.

ನಲವತ್ತು ನಿಮಿಷ ಗುಡ್ಡ ಹತ್ತಿದ್ವಿ, ಜಾಕೆಟ್ ಒಳಗೆ ಬೆವರು ಕಿತ್ಕೊಂಡು ಬಂತು. ಆಮೇಲೆ ಒಂದು ಬೊಡ್ಡೆ ಪಕ್ಕ ಮರಸು ಕೂತ್ವಿ, ಅಂದ್ರೆ ಜಿಂಕೆ ಬರೋದನ್ನ ಕಾಯ್ತಾ ಅಡಗಿ ಕೂತ್ವಿ. ಅರ್ಧ ಗಂಟೆಗೆ ಬೆವರೆಲ್ಲ ಐಸ್ ನೀರು ಆದಂಗಾಯ್ತು. ಫ್ಲಾಸ್ಕಿನ ಮುಚ್ಚಳ ತೆಗೆಯೋಕೆ ಬೆರಳು ಬಗ್ಗಲಿಲ್ಲ, ಹಲ್ಲಲ್ಲಿ ಕಚ್ಚಿ ತಿರುಗಿಸೋಕೆ ನೋಡ್ತಿದ್ದೆ, ಜೊತೇಲಿದ್ದೋನು ನನ್ನ ಮಾತು ತೊದಲ್ತಿರೋದು ನೋಡಿ ಕೋವಿ ಖಾಲಿ ಮಾಡಿಸಿ ಸೀದಾ ಕಾರಿಗೆ ಕರ್ಕೊಂಡ್ ಹೋದ. ಆವತ್ತು ಜಿಂಕೆ ಬಂದು ಎದುರಿಗೆ ನಿಂತಿದ್ರೂ ಈಡು ಹೊಡೆಯೋ ಸ್ಥಿತೀಲಿ ನಾನಿರಲಿಲ್ಲ. ನೆಂದ ಬಟ್ಟೆ ಮೈ ಶಾಖಾನ ಒಣ ಬಟ್ಟೆಗಿಂತ ಎಷ್ಟೋ ಬೇಗ ಎಳೆದುಬಿಡತ್ತೆ, ನೀರಿಗೆ ಶಾಖ ಸಾಗಿಸೋ ಶಕ್ತಿ ಗಾಳಿಗಿಂತ ಸುಮಾರು 25 ಪಟ್ಟು ಜಾಸ್ತಿ. ನನ್ನನ್ನ ನೆನೆಸಿದ್ದು ಮಳೆ ಅಲ್ಲ, ನನ್ನ ಬೆವರೇ.

ಅದಕ್ಕೇ ಒಳಗಿಂದ ಶುರು ಮಾಡಿ. ಮೈಗೆ ತಾಗೋದು ತೆಳ್ಳಗಿನ ಮೆರಿನೋ ಉಣ್ಣೆ, ಮೇಲಕ್ಕೂ ಕಾಲಿಗೂ. ಉಣ್ಣೆ ತನ್ನ ತೂಕದ 30 ಪರ್ಸೆಂಟಿನಷ್ಟು ತೇವ ಹೀರಿದ್ರೂ ಮುಟ್ಟಿದ್ರೆ ಒದ್ದೆ ಅನ್ಸಲ್ಲ, ಹೀರುವಾಗ ಒಂಚೂರು ಶಾಖಾನೂ ಬಿಡತ್ತೆ. ಬನಿಯನ್ನು, ಜೀನ್ಸು, ಕಾಟನ್ ಸಾಕ್ಸು ಎಲ್ಲ ಮನೇಲೇ ಬಿಡಿ, ಕಾಟನ್ ಕಿಲ್ಸ್ ಅಂತಾನೇ ಅಲ್ಲಿ ಒಂದು ಮಾತಿದೆ. ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆ ಶರ್ಟು. ನನಗೆ ಉಣ್ಣೇನೇ ಇಷ್ಟ, ಕೈ ಎತ್ತಿದ್ರೂ ಸದ್ದು ಬರಲ್ಲ. ಕೊನೆಗೆ ರೇನ್ ಜಾಕೆಟ್ಟು. ಲೇಬಲ್ ಮೇಲೆ ನೀರು ತಡೆಯೋ ಅಳತೆ ಮಿಲಿಮೀಟರಲ್ಲಿ ಇರತ್ತೆ, 10,000 ಅಂತಿದ್ರೆ ಸಣ್ಣ ಮಳೆಗೆ ಆಗತ್ತೆ, ಒದ್ದೆ ನೆಲದಲ್ಲಿ ಮಂಡಿಯೂರಿ ಕೂರೋದಾದ್ರೆ ಪ್ಯಾಂಟಿಗೆ 20,000 ಇರ್ಲಿ. ಅಂಗಡೀಲಿ ತೋಳಿಗೆ ತೋಳು ಉಜ್ಜಿ ನೋಡಿ, ಚಿಪ್ಸ್ ಪ್ಯಾಕೆಟ್ ಥರ ಸದ್ದು ಬಂದ್ರೆ ಎಷ್ಟು ಡಿಸ್ಕೌಂಟ್ ಇದ್ರೂ ಬೇಡ. ಗಾಳಿ ಆಡೋಕೆ ಕಂಕುಳ ಕೆಳಗೆ ಜಿಪ್ ಇರೋದು ಸಿಕ್ರೆ ಬಿಡ್ಬೇಡಿ.

ಇನ್ನೊಂದು, ಪ್ಯಾಂಟಿಗೆ ದುಡ್ಡು ಉಳಿಸೋಕೆ ಹೋಗ್ಬೇಡಿ. ಅಲ್ಲಿ ಸಲಾಲ್ ಪೊದೆ, ಸೊಂಟದುದ್ದ ಜರಿಗಿಡ ತುಂಬಿರತ್ತೆ, ಮಳೆ ನಿಂತು ಎರಡು ಗಂಟೆ ಆದ್ರೂ ಎಲೆ ಮೇಲಿನ ನೀರೆಲ್ಲ ತೊಡೆಗೆ ಒರೆಸ್ಕೋತೀರಿ. ಬೂಟಿನ ಮೇಲೆ ಗೇಟರ್, ಅಂದ್ರೆ ಮೊಣಕಾಲ ಕೆಳಗೆ ಸುತ್ತೋ ಕವಚ, ಕಟ್ಕೊಳ್ಳಿ, ಪ್ಯಾಂಟು ಅದರ ಹೊರಗಡೆ ಇಳಿಬಿಡಿ, ಇಲ್ಲಾಂದ್ರೆ ನೀರು ಜಾರಿ ಬೂಟೊಳಗೇ ಬರೋದು.

ಹತ್ತುವಾಗ ಚಳಿ ಚಳಿ ಅನ್ನೋ ಹಂಗೇ ಹೊರಡಿ, ಒಳಗಡೆ ಮೆರಿನೋ, ಮಳೆ ಇದ್ರೆ ಜಾಕೆಟ್ಟು ಅಷ್ಟೇ. ಫ್ಲೀಸು, ಒಳಗೆ ಸಿಂಥೆಟಿಕ್ ನಾರು ತುಂಬಿದ ಒಂದು ಉಬ್ಬು ಜಾಕೆಟ್ಟು, ಟೋಪಿ, ಎರಡು ಜೊತೆ ಗ್ಲೌಸು, ಒಂದು ಜೊತೆ ಸಾಕ್ಸು ಕಸದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬ್ಯಾಗಲ್ಲಿರ್ಲಿ, ಕೂರೋ ಜಾಗ ಮುಟ್ಟಿ ಐದು ನಿಮಿಷ ಮೈ ಆರಿಸ್ಕೊಂಡು ಆಮೇಲೆ ಹಾಕ್ಕೊಳ್ಳಿ. ಬಾತುಕೋಳಿ ಪುಕ್ಕದ ಡೌನ್ ಜಾಕೆಟ್ ಬೇಡ, ನೆಂದ್ರೆ ಮುದ್ದೆ ಆಗತ್ತೆ.

ಪ್ರಶ್ನೆ: ನಮ್ಮೆಜಮಾನ್ರು ಶಿಕಾರಿಗೆ ಅಂತ ಕಣ್ಣಿಗೆ ಹೊಡೆಯೋ ಕಿತ್ತಳೆ ಬಣ್ಣದ ಕೋಟು ತಂದಿದಾರೆ. ಇದನ್ನ ನೋಡಿ ಜಿಂಕೆ ಓಡಿಹೋಗಲ್ವಾ?

ಉತ್ತರ: ಓಡಲ್ಲಮ್ಮ. ಜಿಂಕೆ ಕಣ್ಣಿಗೆ ಕೆಂಪು, ಕಿತ್ತಳೆ ಎಲ್ಲ ಮಬ್ಬಾಗೇ ಕಾಣೋದು, ನೀಲಿ ಮಾತ್ರ ಚೆನ್ನಾಗಿ ಕಾಣತ್ತೆ, ಜೀನ್ಸ್ ಬೇಡ ಅನ್ನೋಕೆ ಇದೂ ಒಂದು ಕಾರಣ. ಬಟ್ಟೆ ಬೆಳ್ಳಗೆ ಹೊಳೆಯೋ ಹಂಗೆ ಮಾಡೋ ಡಿಟರ್ಜೆಂಟೂ ಹಾಕ್ಬೇಡಿ, ಆ ಹೊಳಪೂ ಜಿಂಕೆ ಕಣ್ಣಿಗೆ ನೀಲಿ ಥರಾನೇ ಎದ್ದು ಕಾಣತ್ತೆ. ಕಿತ್ತಳೆ ಬಣ್ಣ ಇರೋದು ಇನ್ನೊಬ್ಬ ಶಿಕಾರಿಯವನಿಗೆ ಕಾಣ್ಲಿ ಅಂತ. ವಾಷಿಂಗ್ಟನ್ ರಾಜ್ಯದಲ್ಲಿ ರೈಫಲ್ ಸೀಸನ್ನಲ್ಲಿ ಸೊಂಟದ ಮೇಲೆ 400 ಚದರ ಇಂಚು ಕಿತ್ತಳೆ ಅಥವಾ ಗುಲಾಬಿ ಬಣ್ಣ ಎಲ್ಲಾ ಕಡೆಯಿಂದ ಕಾಣ್ಬೇಕು, ಬರೀ ಟೋಪಿ ಆಗಲ್ಲ. ಬೇರೆ ರಾಜ್ಯದಲ್ಲಿ ಲೆಕ್ಕ ಬೇರೆ. ಎಷ್ಟೋ ಜನ ಮಳೆ ಬಂದ ತಕ್ಷಣ ಹಸಿರು ರೇನ್‌ಕೋಟ್ ಮೇಲೆ ಹಾಕ್ಕೊಂಡು ಕಿತ್ತಳೇನ ಒಳಗೆ ಮುಚ್ಚಿಬಿಡ್ತಾರೆ, ಬೆನ್ನಿಗೆ ಬ್ಯಾಗ್ ಏರಿಸಿದ್ರೂ ಅದೇ ಕಥೆ. ನಿಮ್ಮೋರಿಗೆ ರೇನ್‌ಕೋಟ್ ಮೇಲೆ ಹಾಕೋ ದೊಡ್ಡ ಸೈಜಿನ ವೆಸ್ಟು ಒಂದು ಕೊಡಿಸಿ, ಬ್ಯಾಗಿಗೂ ಅದೇ ಬಣ್ಣದ ಕವರು.

ಪ್ರಶ್ನೆ: ತೀರ್ಥಹಳ್ಳಿ ಹತ್ರ ನಮ್ಮ ತೋಟ. ಅಟ್ಟದಲ್ಲಿ ಅಜ್ಜನ ಕರಿ ಕಂಬಳಿ ಸಿಕ್ತು, ಕೊಪ್ಪೆ ಹಾಕ್ಕೊಂಡು ಶಿಕಾರಿಗೆ ಹೋಗ್ತಿದ್ರಂತೆ. ನಾನೂ ಈ ಮಳೆಗಾಲ ಅದನ್ನೇ ಹಾಕ್ಕೊಂಡು ಹೋದ್ರೆ ಹೆಂಗೆ?

ಉತ್ತರ: ತೋಟಕ್ಕೆ ಹೋಗಿ, ಶಿಕಾರಿಗೆ ಹೋಗ್ಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮಲ್ಲಿ ಈಗ ಅದು ಜೈಲಿನ ದಾರಿ. ಕಂಬಳಿ ಮಾತ್ರ ಬಂಗಾರ. ಮೇಲೆ ಹೇಳಿದ ಮೆರಿನೋ ಪುರಾಣ ಎಲ್ಲ ಅದರಲ್ಲಿ ಮೊದ್ಲಿಂದಾನೂ ಇದೆ, ನೆಂದ್ರೂ ಬೆಚ್ಚಗೆ, ಮುಂದೆ ತೆರೆದಿರೋದ್ರಿಂದ ಗಾಳಿ ಆಡತ್ತೆ, ಪ್ಲಾಸ್ಟಿಕ್ ಕೋಟಿನ ಥರ ಒಳಗೇ ಬೇಯಲ್ಲ. ಭಾರ ಒಂದೇ ಕಷ್ಟ, ಮಧ್ಯಾಹ್ನದ ಹೊತ್ತಿಗೆ ನೀರು ಕುಡಿದು ಕುತ್ತಿಗೆ ಬಗ್ಗಿಸತ್ತೆ. ಬಿಸಿನೀರಿಗೆ ಹಾಕ್ಬೇಡಿ, ಮುದುರಿಹೋಗತ್ತೆ. ಒಲೆ ಮೇಲಿನ ಅಟ್ಟದಲ್ಲಿ ಹೊಗೆಗೆ ಹರವಿಡಿ.

ಪ್ರಶ್ನೆ: ಗೋರ್‌ಟೆಕ್ಸ್ ಜಾಕೆಟ್ ತಗೊಂಡು ಎರಡು ವರ್ಷ ಆಯ್ತು, ಈಗ ಸೋರ್ತಿದೆ. ಮೋಸ ಹೋದ್ನಾ?

ಉತ್ತರ: ಸೋರ್ತಾ ಇರ್ಲಿಕ್ಕಿಲ್ಲ. ಗೋರ್‌ಟೆಕ್ಸ್ ಪದರ, ಮಳೆ ತಡೆದು ಬೆವರಿನ ಆವಿ ಹೊರಗೆ ಬಿಡೋ ಅಂಥದ್ದು, ಇರೋದು ಒಳಗೆ, ಹೊರಗಿನ ಬಟ್ಟೆಗೆ ನೀರು ಜಾರಿಹೋಗೋ ಒಂದು ಲೇಪ ಇರತ್ತೆ, ಕೆಸುವಿನೆಲೆ ಮೇಲೆ ಹನಿ ಉರುಳತ್ತಲ್ಲ ಹಂಗೆ. ಕೊಳೆ, ಬೆವರು, ಹೊಗೆ ಕೂತು ಅದು ಸತ್ತಾಗ ಹೊರಬಟ್ಟೆ ನೀರು ಕುಡಿಯತ್ತೆ, ನಿಮ್ಮ ಬೆವರಿನ ಆವಿಗೆ ಹೊರಗೆ ದಾರಿ ಸಿಗಲ್ಲ, ಒಳಗೇ ಹನಿ ಕಟ್ಟಿ ಸೋರಿದಂಗೆ ಅನ್ಸತ್ತೆ. ನಲ್ಲಿ ಕೆಳಗೆ ಹಿಡಿದು ನೋಡಿ, ಹನಿ ಉರುಳದೆ ಬಟ್ಟೆ ಕಪ್ಪಾದ್ರೆ ಇದೇ ಕಾಯಿಲೆ. ಇಂಥಾ ಬಟ್ಟೆಗೇ ಅಂತ ಸಿಗೋ ಲಿಕ್ವಿಡ್ ಸೋಪಲ್ಲಿ ಒಗೆದು ಡ್ರೈಯರಲ್ಲಿ ಸಣ್ಣ ಬಿಸಿಗೆ ಇಪ್ಪತ್ತು ನಿಮಿಷ ತಿರುಗಿಸಿ, ಎಷ್ಟೋ ಸಲ ಲೇಪ ಮತ್ತೆ ಜೀವ ಹಿಡಿಯತ್ತೆ. ಆಗ್ಲಿಲ್ಲ ಅಂದ್ರೆ ಸ್ಪ್ರೇ ಸಿಗತ್ತೆ. ಫ್ಯಾಬ್ರಿಕ್ ಸಾಫ್ಟ್‌ನರ್ ಯಾವ ಕಾರಣಕ್ಕೂ ಹಾಕ್ಬೇಡಿ. ಮೊದ್ಲು ಜೇಬು ನೋಡಿ, ನಾನು ಒಂದ್ಸಲ ಜಿಂಕೆ ಟ್ಯಾಗ್, ಅಂದ್ರೆ ಹೊಡೆದ ಜಿಂಕೆಗೆ ಕಟ್ಟೋ ಪರವಾನಗಿ ಚೀಟಿ, ಸಮೇತ ಒಗೆದುಬಿಟ್ಟಿದ್ದೆ.